50 ಸಾವಿರ ಗಂಟೆ ಬಿಚ್ಚದೇ ಓಡೋ ಎಂಜಿನ್: ವಿಮಾನದ ಲೆಕ್ಕ ಬೈಕಿಗಿಂತ ಯಾಕೆ ಬೇರೆ?

ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.



ಈ ಸಂಚಿಕೆ ಹುಟ್ಟಿದ್ದು ಒಬ್ಬ ಕೇಳುಗರ ವಾಯ್ಸ್ ನೋಟ್‌ನಿಂದ. ಅವರು ಕೇಳಿದ್ದು ಇಷ್ಟು: "ನನ್ನ ಬೈಕ್ 60 ಸಾವಿರ ಕಿಲೋಮೀಟರಿಗೆ ಹೊಗೆ ಬಿಡೋಕೆ ಶುರು ಮಾಡ್ತು, ಎಂಜಿನ್ ಬಿಚ್ಚಿಸಬೇಕಾಯ್ತು. ಮುಂದಿನ ತಿಂಗಳು ಅಮ್ಮನನ್ನ ಮೊದಲನೇ ಸಲ ಫ್ಲೈಟಲ್ಲಿ ಕರ್ಕೊಂಡು ಹೋಗ್ತಿದ್ದೀನಿ. ಆನ್‌ಲೈನಲ್ಲಿ ಹುಡುಕಿದ್ರೆ ಆ ವಿಮಾನಕ್ಕೆ 14 ವರ್ಷ ಅಂತ ತೋರಿಸ್ತಿದೆ. ಅಮ್ಮ ಮೊದಲೇ ಹೆದರಿದ್ದಾರೆ. ಏನಂತ ಹೇಳ್ಲಿ?"

ಮೊದಲೇ ಹೇಳಿಬಿಡ್ತೀನಿ, ನಾನು ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿದವನು. ಆದ್ರೆ ಈ ವಿಷಯ ಓದ್ತಾ ಹೋದ ಹಾಗೆ ಗೊತ್ತಾಗಿದ್ದು ಏನಂದ್ರೆ, ಇದರಲ್ಲಿ ಅರ್ಧ ಕಥೆ ಲೋಹದ್ದು, ಇನ್ನರ್ಧ ಲೆಕ್ಕದ ಪುಸ್ತಕದ್ದು. ಆ ಎರಡನೇ ಅರ್ಧ ನನ್ನ ಏರಿಯಾ.

ಒಂದೇ ಎಂಜಿನ್ ಇಟ್ಕೊಂಡು ಮಾತಾಡೋಣ. ಅದರ ಹೆಸರು ಸಿಎಫ್ಎಂ56. ಅಮೆರಿಕದ ಜಿಇ, ಫ್ರಾನ್ಸಿನ ಸ್ನೆಕ್ಮಾ (ಈಗ ಸಾಫ್ರಾನ್) ಎರಡೂ ಸೇರಿ 1974ರಲ್ಲಿ ಅರ್ಧ ಅರ್ಧ ಪಾಲಿನ ಒಂದು ಕಂಪನಿ ಮಾಡಿದ್ವು. ಅವರು ಮಾಡಿದ ಎಂಜಿನ್ ಇದು. 1982ರಲ್ಲಿ ಪ್ರಯಾಣಿಕ ವಿಮಾನಕ್ಕೆ ಬಂತು. ಆಮೇಲೆ ಬೋಯಿಂಗ್ 737, ಏರ್‌ಬಸ್ ಎ320 ಎರಡಕ್ಕೂ ಹೋಯ್ತು. ಇಲ್ಲಿವರೆಗೆ 30 ಸಾವಿರಕ್ಕೂ ಹೆಚ್ಚು ಎಂಜಿನ್ ತಯಾರಾಗಿವೆ. ನೀವು ಭಾರತದಲ್ಲಿ ಹಳೇ 737ರಲ್ಲಿ ಹಾರಿದ್ದರೆ, ಕಿಟಕಿಯಿಂದ ಕಂಡ ಆ ಕೆಳಗಡೆ ಚಪ್ಪಟೆಯಾದ ಮೂತಿಯ ಎಂಜಿನ್ ಬಹುಶಃ ಇದೇ.

ಈ ಎಂಜಿನ್ ಮೊದಲ ಸಲ ರೆಕ್ಕೆಯಿಂದ ಇಳಿದು ವರ್ಕ್‌ಶಾಪ್‌ಗೆ ಹೋಗೋದು ಸರಾಸರಿ 30,000 ಗಂಟೆ ಹಾರಿದ ಮೇಲೆ. ದಾಖಲೆ 50,000 ಗಂಟೆ. ಇದನ್ನ ಬೈಕಿನ ಭಾಷೆಗೆ ತರೋಣ. ಗಂಟೆಗೆ 30 ಕಿಲೋಮೀಟರ್ ಸರಾಸರಿ ಅಂದ್ರೂ 50,000 ಗಂಟೆಗೆ 15 ಲಕ್ಷ ಕಿಲೋಮೀಟರ್ ಆಗುತ್ತೆ. ಅಲ್ಲೀವರೆಗೆ ಎಂಜಿನ್ ಬಿಚ್ಚೇ ಇಲ್ಲ. ಇನ್ನೊಂದು ಥರ ಹೇಳಿದ್ರೆ, ಇವತ್ತು ಸ್ಟಾರ್ಟ್ ಮಾಡಿ ಹಗಲು ರಾತ್ರಿ ಬಿಡದೆ ಓಡಿಸಿದ್ರೆ ಐದು ಮುಕ್ಕಾಲು ವರ್ಷ ಹತ್ರ ಹತ್ರ.

ಇದು ಹೇಗೆ ಸಾಧ್ಯ?

ಬೈಕಿನ ಎಂಜಿನ್ ಒಳಗೆ ಏನಾಗುತ್ತೆ ಅಂತ ನೆನಪಿಸ್ಕೊಳ್ಳಿ. ಪಿಸ್ಟನ್ ಮೇಲೆ ಹೋಗುತ್ತೆ, ನಿಲ್ಲುತ್ತೆ, ಕೆಳಗೆ ಬರುತ್ತೆ, ನಿಲ್ಲುತ್ತೆ. ಸೆಕೆಂಡಿಗೆ ಎಷ್ಟೋ ಸಲ. ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜುತ್ತಾನೇ ಇರ್ತಾವೆ. ಸವೆತ ಅನ್ನೋದು ಅದರ ಹುಟ್ಟಲ್ಲೇ ಇದೆ. ಜೆಟ್ ಎಂಜಿನ್‌ನಲ್ಲಿ ಹಿಂದೆ ಮುಂದೆ ಅನ್ನೋದೇ ಇಲ್ಲ, ಎಲ್ಲಾ ಒಂದೇ ಕಡೆಗೆ ಸುತ್ತುತ್ತೆ. ಮುಂದಿನ ಫ್ಯಾನ್ ಗಾಳಿ ಎಳೀತದೆ, ಕಂಪ್ರೆಸರ್ ಅದನ್ನ ಒತ್ತುತ್ತೆ, ಇಂಧನ ಉರಿಯುತ್ತೆ, ಬಿಸಿ ಗಾಳಿ ಹಿಂದಿನ ಟರ್ಬೈನನ್ನ ತಿರುಗಿಸುತ್ತೆ, ಆ ಟರ್ಬೈನೇ ಮುಂದಿನ ಫ್ಯಾನನ್ನೂ ಕಂಪ್ರೆಸರನ್ನೂ ತಿರುಗಿಸುತ್ತೆ. ಸಾವಿರಾರು ಬ್ಲೇಡ್‌ಗಳು ತಮ್ಮ ಸುತ್ತಲಿನ ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿ, ಆದ್ರೆ ತಾಗದೆ ಸುತ್ತಬೇಕು. ಸುತ್ತುವ ಭಾರವನ್ನೆಲ್ಲ ಹೊರೋದು ಎಣ್ಣೆಯಲ್ಲಿ ಮುಳುಗಿದ ಕೆಲವೇ ಬೇರಿಂಗ್‌ಗಳು.

ಜೆಟ್ ಬರೋಕೆ ಮುಂಚೆ ದೊಡ್ಡ ವಿಮಾನಗಳೂ ಪಿಸ್ಟನ್ ಎಂಜಿನ್‌ನಲ್ಲೇ ಹಾರ್ತಿದ್ದವು. 1948ರ ಜೂನ್‌ನಲ್ಲಿ ಏರ್ ಇಂಡಿಯಾ ಮೊದಲ ಸಲ ಬಾಂಬೆಯಿಂದ ಲಂಡನ್‌ಗೆ ಹೋದ 'ಮಲಬಾರ್ ಪ್ರಿನ್ಸೆಸ್' ವಿಮಾನ ಲಾಕ್‌ಹೀಡ್ ಕಾನ್‌ಸ್ಟಲೇಷನ್. ನಾಲ್ಕು ಎಂಜಿನ್, ಒಂದೊಂದಕ್ಕೂ 18 ಸಿಲಿಂಡರ್. ಆ ಜಾತಿಯ ವಿಮಾನಗಳ ಮೇಲೆ ಪೈಲಟ್‌ಗಳ ನಡುವೆ ಒಂದು ಜೋಕ್ ಇತ್ತು: ಇದು ಜಗತ್ತಿನ ಅತ್ಯುತ್ತಮ ಮೂರು ಎಂಜಿನ್ ವಿಮಾನ ಅಂತ. ನಾಲ್ಕರಲ್ಲಿ ಒಂದು ದಾರಿಯಲ್ಲಿ ನಿಂತೇ ನಿಲ್ಲುತ್ತೆ ಅನ್ನೋ ಲೆಕ್ಕ.

ಹಾಗಂತ ಜೆಟ್ ಎಂಜಿನ್‌ಗೆ ಕಷ್ಟ ಇಲ್ಲ ಅಂತಲ್ಲ. ಅದರ ಕಷ್ಟ ಬೇರೆ ಥರದ್ದು, ಬಿಸಿ. ಟರ್ಬೈನಿನ ಮೊದಲ ಸಾಲಿನ ಬ್ಲೇಡ್‌ಗಳಿಗೆ ಬಡಿಯೋ ಗಾಳಿಯ ಶಾಖ, ಆ ಬ್ಲೇಡ್ ಮಾಡಿರೋ ಲೋಹ ಕರಗೋ ಶಾಖಕ್ಕಿಂತ ಹೆಚ್ಚು. ಇದನ್ನ ಮೊದಲ ಸಲ ಓದಿದಾಗ ಏನೋ ಪ್ರಿಂಟಿಂಗ್ ಮಿಸ್ಟೇಕ್ ಅಂದ್ಕೊಂಡೆ. ಅಲ್ಲ, ನಿಜ. ಬ್ಲೇಡ್ ಕರಗದೆ ಇರೋದು ಯಾಕಂದ್ರೆ ಅದರ ಒಳಗೆ ಸಣ್ಣ ಸಣ್ಣ ಕಾಲುವೆಗಳಿವೆ. ಕಂಪ್ರೆಸರಿನಿಂದ ಕದ್ದ ಸ್ವಲ್ಪ ತಣ್ಣನೆ ಗಾಳಿ (ತಣ್ಣನೆ ಅಂದ್ರೂ ನೂರಾರು ಡಿಗ್ರಿ) ಒಳಗಿಂದ ಹರಿದು, ಮೈಮೇಲಿನ ಸೂಜಿಮೊನೆಯಂಥ ತೂತುಗಳಿಂದ ಹೊರಗೆ ಬಂದು, ಬ್ಲೇಡಿಗೆ ಒಂದು ತೆಳು ಗಾಳಿಯ ಹೊದಿಕೆ ಹೊದಿಸುತ್ತೆ. ಅದರ ಮೇಲೆ ಸೆರಾಮಿಕ್ ಲೇಪ. ಇನ್ನು ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಇಡೀ ಬ್ಲೇಡನ್ನ ಒಂದೇ ಹರಳಾಗಿ ಬೆಳೆಸ್ತಾರೆ, ಕಲ್ಲುಸಕ್ಕರೆಯ ಒಂದು ಹರಳಿನ ಹಾಗೆ. ಸಾಮಾನ್ಯ ಲೋಹ ಅಂದ್ರೆ ಸಾವಿರಾರು ಸಣ್ಣ ಹರಳುಗಳ ಕೂಟ, ಬಿಸಿಯಲ್ಲಿ ಎಳೆದಾಗ ಅದು ಬಿಡೋದು ಹರಳು ಹರಳಿನ ನಡುವಿನ ಬೆಸುಗೆಯಲ್ಲಿ. ಒಂದೇ ಹರಳಿದ್ರೆ ಬೆಸುಗೆಯೇ ಇಲ್ಲ.

ಇಷ್ಟು ಲೋಹದ ಕಥೆ. ಈಗ ನನ್ನ ಏರಿಯಾಗೆ ಬರ್ತೀನಿ.

ಗಂಟೆ ಒಂದು ಲೆಕ್ಕ, ಸುತ್ತು ಇನ್ನೊಂದು ಲೆಕ್ಕ

ಬಿ.ಕಾಂ.ನಲ್ಲಿ ಡಿಪ್ರಿಸಿಯೇಶನ್ ಅಂತ ಒಂದು ಚಾಪ್ಟರ್ ಇತ್ತು, ಓದಿದವರಿಗೆ ನೆನಪಿರಬೇಕು. ಯಂತ್ರದ ಬೆಲೆ ಇಷ್ಟು, ಆಯಸ್ಸು ಹತ್ತು ವರ್ಷ, ಗುಜರಿ ಬೆಲೆ ಇಷ್ಟು, ವರ್ಷಕ್ಕೆ ಎಷ್ಟು ಕಳೀಬೇಕು? ಪರೀಕ್ಷೆಗೆ ಸರಿಯಾಗಿ ಮಾಡ್ದೆ. ಆದ್ರೆ ಆ ಹತ್ತು ವರ್ಷ ಎಲ್ಲಿಂದ ಬಂತು ಅಂತ ಯಾವತ್ತೂ ಕೇಳ್ಲಿಲ್ಲ. ವಿಮಾನದ ಎಂಜಿನ್‌ನಲ್ಲಿ ಎಲ್ಲಾ ಇರೋದು ಆ ಪ್ರಶ್ನೆಯಲ್ಲೇ.

ಎಂಜಿನ್ ಒಳಗೆ ಬ್ಲೇಡ್‌ಗಳನ್ನ ಹಿಡ್ಕೊಂಡಿರೋ ದಪ್ಪ ಚಕ್ರಗಳಿವೆ, ಡಿಸ್ಕ್ ಅಂತಾರೆ. ಒಂದು ಬ್ಲೇಡ್ ಮುರಿದ್ರೆ ಎಂಜಿನ್ನಿನ ಹೊರಕವಚ ಅದನ್ನ ಒಳಗೇ ತಡೀಬೇಕು ಅನ್ನೋ ಹಾಗೆ ಕಟ್ಟಿರ್ತಾರೆ, ಹಾಗೆ ಮುರಿಸಿ ಪರೀಕ್ಷೆನೂ ಮಾಡ್ತಾರೆ. ಆದ್ರೆ ಡಿಸ್ಕ್ ಒಡೆದ್ರೆ ತಡೆಯೋ ಕವಚ ಇಲ್ಲ. ಅಷ್ಟು ದಪ್ಪ ಕವಚ ಹಾಕಿದ್ರೆ ವಿಮಾನ ಏಳಲ್ಲ. ಹಾಗಾಗಿ ಡಿಸ್ಕ್ ಒಡೀಲೇಬಾರದು.

ಅದಕ್ಕೆ ದಾರಿ ಏನಂದ್ರೆ ಎಣಿಸೋದು. ಒಂದು ಟೇಕಾಫ್, ಒಂದು ಲ್ಯಾಂಡಿಂಗ್ ಸೇರಿದ್ರೆ ಒಂದು ಸೈಕಲ್. ಒಂದು ತಂತಿಯನ್ನ ಹಿಂದೆ ಮುಂದೆ ಬಗ್ಗಿಸ್ತಾ ಹೋದ್ರೆ ಎಷ್ಟನೇದೋ ಸಲಕ್ಕೆ ತುಂಡಾಗುತ್ತಲ್ಲ, ಹಾಗೆ ಡಿಸ್ಕ್ ಪ್ರತಿ ಟೇಕಾಫ್‌ಗೂ ಬಿಗಿದು ಸಡಿಲಾಗುತ್ತೆ. ಸಿಎಫ್ಎಂ56ರ ಹೊಸ ಮಾದರಿಗಳಲ್ಲಿ ಬಿಸಿ ಭಾಗದ ಡಿಸ್ಕ್‌ಗಳಿಗೆ ಸುಮಾರು 20,000 ಸೈಕಲ್, ಮುಂದಿನ ಫ್ಯಾನ್ ಭಾಗದ್ದಕ್ಕೆ ಸುಮಾರು 30,000 ಸೈಕಲ್ ಆಯಸ್ಸು. ಅಷ್ಟಾದ ದಿನ ಅದನ್ನ ತೆಗೆದು ಗುಜರಿಗೆ ಹಾಕ್ತಾರೆ. ಹೊಸದರ ಹಾಗೆ ಹೊಳೀತಿದ್ರೂ ಸರಿ, ಪರೀಕ್ಷೆಯಲ್ಲಿ ಒಂದು ಗೀರೂ ಕಾಣದಿದ್ರೂ ಸರಿ. ಇನ್ನೊಂದು ಟ್ರಿಪ್ ಹೊಡೆದು ನೋಡೋಣ ಅನ್ನೋ ನಮ್ಮ ಆಟೋ, ಲಾರಿ ಧೈರ್ಯ ಅಲ್ಲಿ ನಡೆಯಲ್ಲ.

ಇಲ್ಲಿ ದುಡ್ಡಿನ ಲೆಕ್ಕ ಶುರು. ಸುಮ್ಮನೆ ಲೆಕ್ಕಕ್ಕೆ ಅಂತ ಒಂದು ಡಿಸ್ಕ್‌ಗೆ 2 ಕೋಟಿ ರೂಪಾಯಿ ಅಂದ್ಕೊಳ್ಳಿ. 20,000 ಸೈಕಲ್ ಅಂದ್ರೆ ಪ್ರತಿ ಟೇಕಾಫ್‌ಗೆ ಆ ಒಂದು ಚಕ್ರದ್ದೇ ಸಾವಿರ ರೂಪಾಯಿ ಖರ್ಚು. ಅಂಥವು ಒಂದು ಎಂಜಿನ್‌ನಲ್ಲಿ ಹದಿನೈದು ಇಪ್ಪತ್ತು ಭಾಗಗಳಿರ್ತಾವೆ. ಈಗ ನೀವೇ ಏರ್‌ಲೈನ್ ಮ್ಯಾನೇಜರ್. ಬೇರೇನೋ ಕಾರಣಕ್ಕೆ ಎಂಜಿನ್ ಬಿಚ್ಚಿದ್ದೀರಿ, ಡಿಸ್ಕ್‌ನಲ್ಲಿ ಇನ್ನೂ 3,000 ಸೈಕಲ್ ಉಳಿದಿದೆ. ಈಗಲೇ ಎಸೆದ್ರೆ 30 ಲಕ್ಷ ಮಣ್ಣು ಪಾಲು. ಉಳಿಸಿಕೊಂಡ್ರೆ ಎರಡು ವರ್ಷದೊಳಗೆ ಅದಕ್ಕೋಸ್ಕರವೇ ಮತ್ತೆ ಎಂಜಿನ್ ಇಳಿಸಿ ಬಿಚ್ಚಬೇಕು, ಆ ಖರ್ಚು ಇನ್ನೂ ಜಾಸ್ತಿ. ಏರ್‌ಲೈನ್‌ಗಳಲ್ಲಿ ಇದಕ್ಕೇ ಅಂತ ತಲೆ ಕೆಡಿಸ್ಕೊಂಡು ಕೂತಿರೋ ಜನ ಇದ್ದಾರೆ.

ನಮ್ಮ ಕೇಳುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ವಿಮಾನಕ್ಕೆ 14 ವರ್ಷ ಅಂದ ಮಾತ್ರಕ್ಕೆ ಎಂಜಿನ್‌ಗೂ 14 ಅಂತಲ್ಲ. ರಿಪೇರಿಗೆ ಹೋದ ಎಂಜಿನ್ ವಾಪಸ್ ಬರೋವರೆಗೆ ವಿಮಾನ ಕಾಯೋದಿಲ್ಲ, ಬೇರೆ ಎಂಜಿನ್ ಹಾಕ್ಕೊಂಡು ಹೋಗುತ್ತೆ. ಎಡಗಡೆದು ಒಂದು ವಯಸ್ಸು, ಬಲಗಡೆದು ಇನ್ನೊಂದು, ಒಳಗಿನ ಒಂದೊಂದು ಭಾಗಕ್ಕೂ ಮತ್ತೊಂದು. ಅಜ್ಜನ ಕಾಲದ ಕೊಡಲಿಗೆ ಎರಡು ಸಲ ಕಾವು, ಒಂದು ಸಲ ಅಲಗು ಬದಲಾಗಿದ್ರೆ ಅದರ ವಯಸ್ಸು ಎಷ್ಟು ಅಂತ ಹೇಳ್ತೀರಿ?

ಇನ್ನು ಡಿಸ್ಕ್ ಬಿಟ್ಟು ಉಳಿದ ಭಾಗಗಳಿಗೆ ಹೀಗೆ ಕಟ್ಟುನಿಟ್ಟಿನ ತಾರೀಖಿಲ್ಲ. ಅವುಗಳ ಸ್ಥಿತಿ ನೋಡ್ಕೊಂಡು ತೀರ್ಮಾನ. ಗಂಟಲಿಗೆ ಎಂಡೋಸ್ಕೋಪಿ ಮಾಡ್ತಾರಲ್ಲ, ಹಾಗೆ ಬೋರ್‌ಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆಯನ್ನ ಎಂಜಿನ್ ಒಳಗೆ ಇಳಿಸಿ ಬ್ಲೇಡ್‌ಗಳನ್ನ ಒಂದೊಂದಾಗಿ ನೋಡ್ತಾರೆ. ಜೊತೆಗೆ ಹಿಂದಿನಿಂದ ಹೊರಗೆ ಹೋಗೋ ಗಾಳಿಯ ಶಾಖವನ್ನ ಪ್ರತಿ ಹಾರಾಟದಲ್ಲೂ ದಾಖಲಿಸ್ತಾರೆ. ಎಂಜಿನ್ ಸವೆದಷ್ಟೂ ಅದೇ ಶಕ್ತಿ ಕೊಡೋಕೆ ಹೆಚ್ಚು ಇಂಧನ ಉರೀಬೇಕು, ಶಾಖ ಏರುತ್ತೆ. ಮಿತಿಗೂ ಇವತ್ತಿನ ಶಾಖಕ್ಕೂ ಇರೋ ಅಂತರ ತಿಂಗಳು ತಿಂಗಳು ಕಿರಿದಾಗ್ತಾ ಬರೋದು ಗ್ರಾಫಿನಲ್ಲಿ ಕಾಣುತ್ತೆ. ಅದು ಮುಗಿಯೋ ಹೊತ್ತಿಗೆ ಎಂಜಿನ್ ಇಳಿಸ್ತಾರೆ. ನಡುವೆ ಒಳಗೆ ನೀರು ಹಾಯಿಸಿ ತೊಳೆದ್ರೆ ಧೂಳು ಹೋಗಿ ಸ್ವಲ್ಪ ಅಂತರ ವಾಪಸ್ ಸಿಗುತ್ತೆ. ಮರಳುಗಾಡಿನ ಊರುಗಳಲ್ಲಿ ಓಡೋ ಎಂಜಿನ್‌ಗಳಿಗೆ ಆಯಸ್ಸು ಕಮ್ಮಿ ಆಗೋದೂ ಇದಕ್ಕೇ.

ನನಗೆ ತುಂಬಾ ಇಷ್ಟ ಆದ ಒಂದು ವಿಷಯ: ಎಷ್ಟೋ ಸಲ ಪೈಲಟ್‌ಗಳು ಟೇಕಾಫ್‌ಗೆ ಪೂರ್ತಿ ಶಕ್ತಿ ಬಳಸೋದೇ ಇಲ್ಲ. ರನ್‌ವೇ ಉದ್ದ ಇದೆ, ವಿಮಾನ ಹಗುರ ಇದೆ ಅಂದ್ರೆ, ಹೊರಗೆ ಇರೋದಕ್ಕಿಂತ ಹೆಚ್ಚು ಸೆಕೆ ಇದೆ ಅಂತ ಕಂಪ್ಯೂಟರಿಗೆ ಒಂದು ಸುಳ್ಳು ಉಷ್ಣಾಂಶ ಕೊಡ್ತಾರೆ. ಅದು ಅದಕ್ಕೆ ತಕ್ಕ ಹಾಗೆ ಶಕ್ತಿ ಕಮ್ಮಿ ಮಾಡುತ್ತೆ. ನಿಯಮದ ಪ್ರಕಾರವೇ ಹೇಳೋ ಸುಳ್ಳು ಇದು. ಎಂಜಿನ್ ತಣ್ಣಗಿರುತ್ತೆ, ಜಾಸ್ತಿ ದಿನ ಬಾಳುತ್ತೆ.

ಎಣಿಕೆ ತಪ್ಪಿದಾಗ

ಈ ವ್ಯವಸ್ಥೆ ಪೂರ್ತಿ ನಿಂತಿರೋದು ಎಣಿಕೆಯ ಮೇಲೆ. ಹಾಗಾಗಿ ಎಣಿಕೆ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳ್ಬೇಕು.

1989ರ ಜುಲೈ 19. ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10, ಫ್ಲೈಟ್ 232. ಬಾಲದಲ್ಲಿದ್ದ ಎಂಜಿನ್‌ನ ಫ್ಯಾನ್ ಡಿಸ್ಕ್ ಹಾರಾಟದಲ್ಲೇ ಒಡೀತು, ಚೂರುಗಳು ವಿಮಾನದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನ ಕತ್ತರಿಸಿದ್ವು. ಉಳಿದೆರಡು ಎಂಜಿನ್‌ಗಳ ಶಕ್ತಿ ಹೆಚ್ಚು ಕಮ್ಮಿ ಮಾಡ್ತಾ ಪೈಲಟ್‌ಗಳು ಹೇಗೋ ಅಯೋವಾದ ಸೂ ಸಿಟಿವರೆಗೆ ತಂದ್ರು. 296 ಜನರಲ್ಲಿ 110ಕ್ಕೂ ಹೆಚ್ಚು ಮಂದಿ ಸತ್ತರು. ಆ ಡಿಸ್ಕ್‌ಗೆ ಇದ್ದ ಮಿತಿ 18,000 ಸೈಕಲ್. ಒಡೆದಾಗ ಆಗಿದ್ದು 15,500ರ ಆಸುಪಾಸು. ಟೈಟಾನಿಯಂ ಕರಗಿಸುವಾಗಲೇ ಒಳಗೆ ಸೇರಿಕೊಂಡಿದ್ದ ಒಂದು ಸಣ್ಣ ದೋಷದಿಂದ ಬಿರುಕು ಹುಟ್ಟಿ, 17 ವರ್ಷ ನಿಧಾನವಾಗಿ ಬೆಳೆದಿತ್ತು. ತಪಾಸಣೆಯಲ್ಲಿ ಅದನ್ನ ಕಾಣಲಿಲ್ಲ. ಎಣಿಕೆ ಶುರುವಾಗೋದು ಡಿಸ್ಕ್ ಹುಟ್ಟುವಾಗ ಸರಿಯಾಗಿತ್ತು ಅನ್ನೋ ನಂಬಿಕೆಯಿಂದ. ಇಲ್ಲಿ ಆ ನಂಬಿಕೆಯೇ ತಪ್ಪಾಗಿತ್ತು. ಅದಾದ ಮೇಲೆ ಲೋಹ ಕರಗಿಸೋ ವಿಧಾನ, ತಪಾಸಣೆ ಎರಡೂ ಬಿಗಿಯಾದ್ವು.

ಎರಡನೇದು ಕಾಗದದ ಕಥೆ. ಡಿಸ್ಕ್‌ನಂಥ ಭಾಗಕ್ಕೆ ಹುಟ್ಟಿದ ದಿನದಿಂದ ಇವತ್ತಿನವರೆಗಿನ ಪೂರ್ತಿ ದಾಖಲೆ ಇರ್ಬೇಕು. ಯಾವ ಎಂಜಿನ್, ಯಾವ ವಿಮಾನ, ಎಷ್ಟು ಸೈಕಲ್. ಜಮೀನಿನ ಮೂಲಪತ್ರ ಇದ್ದ ಹಾಗೆ. ನಡುವೆ ಒಂದು ವರ್ಷದ ಕಾಗದ ಕಳೆದುಹೋದ್ರೆ ಕೋಟಿ ಬೆಲೆಯ ಭಾಗ ಗುಜರಿ. ಸಣ್ಣ ಬಿಡಿಭಾಗಕ್ಕೂ ಇದು ಅಸಲಿ ಅಂತ ಪ್ರಮಾಣಪತ್ರ ಬೇಕು. 2023ರಲ್ಲಿ ಗೊತ್ತಾಯ್ತು, ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನೋ ಕಂಪನಿ ಖೋಟಾ ಪ್ರಮಾಣಪತ್ರಗಳ ಜೊತೆ ಸಾವಿರಾರು ಬಿಡಿಭಾಗ ಮಾರಿದೆ ಅಂತ. ಹೆಚ್ಚಿನವು ನಾವು ಮಾತಾಡ್ತಿರೋ ಇದೇ ಸಿಎಫ್ಎಂ56ಕ್ಕೆ. ನೂರಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಅವು ಸೇರಿದ್ದವು. ದೊಡ್ಡ ದೊಡ್ಡ ಏರ್‌ಲೈನ್‌ಗಳು ಹುಡುಕಿ ಹುಡುಕಿ ತೆಗೆಸಬೇಕಾಯ್ತು. ನಕಲಿ ಬಿಲ್ ಅಂದ್ರೆ ಜಿಎಸ್‌ಟಿ ವಂಚನೆ ಅಂತಷ್ಟೇ ಗೊತ್ತಿದ್ದ ನನಗೆ ಇದು ನಿದ್ದೆ ಕೆಡಿಸಿದ ಸುದ್ದಿ.

ಮೂರನೇದು ನಮ್ಮಲ್ಲೇ ಪೆಟ್ಟು ಕೊಟ್ಟಿದ್ದು. ಹೊಸ ಎ320 ನಿಯೋ ವಿಮಾನಗಳಿಗೆ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಗೇರ್ ಇರೋ ಎಂಜಿನ್ ಬಂತು. ಇಂಧನ ಉಳಿಸೋದ್ರಲ್ಲಿ ಗಟ್ಟಿ, ಬಾಳಿಕೆಯಲ್ಲಿ ಮೊದಲಿಂದಲೂ ತಕರಾರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು. ಕೆಟ್ಟ ಎಂಜಿನ್‌ಗಳಿಂದ ತನ್ನ ಅರ್ಧದಷ್ಟು ವಿಮಾನ ನಿಂತಿವೆ ಅನ್ನೋದು ಅದರ ದೂರು. ಎಂಜಿನ್ ಕಂಪನಿ ಅದನ್ನ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಗೋ ಫಸ್ಟನ್ನ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯ್ತು. ಇದರ ಮಧ್ಯೆ, 2023ರ ಜುಲೈನಲ್ಲಿ ಪ್ರ್ಯಾಟ್‌ನ ಮಾತೃಸಂಸ್ಥೆ ಇನ್ನೊಂದು ವಿಷಯ ಹೊರಗೆ ಹಾಕಿತು: 2015ರ ಕೊನೆಯಿಂದ 2021ರವರೆಗೆ ಡಿಸ್ಕ್ ಮಾಡೋಕೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶ ಸೇರಿದೆ. ಅಂದ್ರೆ ಡಿಸ್ಕ್‌ಗಳ ಆಯಸ್ಸಿನ ಲೆಕ್ಕ ಮತ್ತೆ ಮಾಡ್ಬೇಕು. ನೂರಾರು ಎಂಜಿನ್ ಅವಧಿಗೆ ಮುಂಚೆ ಇಳಿಸಿ ನೋಡ್ಬೇಕು, ಒಂದೊಂದಕ್ಕೆ 250ರಿಂದ 300 ದಿನ. 2024ರ ಹೊತ್ತಿಗೆ ಇಂಡಿಗೋ ಒಂದರದ್ದೇ 70ಕ್ಕೂ ಹೆಚ್ಚು ವಿಮಾನ ನೆಲದಲ್ಲಿದ್ದವು.

ಇದನ್ನ ಎರಡು ಥರ ನೋಡ್ಬಹುದು. ಇಷ್ಟು ದೊಡ್ಡ ಕಂಪನಿ ಹೀಗೆ ಮಾಡ್ಕೊಂಡಿತಲ್ಲ ಅಂತ ಬೈಬಹುದು, ನಾನೂ ಬೈತೀನಿ. ಕೆಲಸ ಕಳ್ಕೊಂಡ ಗೋ ಫಸ್ಟ್ ಸಿಬ್ಬಂದಿಗೆ, ಮುಂಗಡ ಟಿಕೆಟ್ ದುಡ್ಡು ಸಿಕ್ಕಿಹಾಕ್ಕೊಂಡ ಪ್ರಯಾಣಿಕರಿಗೆ ಅದು ಸಣ್ಣ ವಿಷಯ ಅಲ್ಲ. ಆದ್ರೆ ಅಷ್ಟು ನಷ್ಟ ಆಗ್ತಿದ್ರೂ ಲೆಕ್ಕ ತಪ್ಪಿದ ಎಂಜಿನನ್ನ ಹಾರಿಸದೆ ನಿಲ್ಲಿಸಿದ್ರು ಅನ್ನೋದೂ ಇದೆ.

ಬಾಳಿಕೆ ಬಂದ್ರೆ ಲಾಭ ಯಾರಿಗೆ?

ಮಿಕ್ಸಿ ಮಾರೋ ಕಂಪನಿಗೆ ಅದು ಬೇಗ ಕೆಟ್ರೆ ಒಳಗೊಳಗೇ ಖುಷಿ, ಇನ್ನೊಂದು ಮಾರ್ಬಹುದು. ಎಂಜಿನ್ ಕಂಪನಿಗಳೂ ಬಹಳ ಕಾಲ ಹಾಗೇ ದುಡೀತಿದ್ವು. ಎಂಜಿನ್ನಿಗೆ ದೊಡ್ಡ ಡಿಸ್ಕೌಂಟ್ ಕೊಟ್ಟು ಮಾರೋದು, ಆಮೇಲೆ ಹತ್ತಾರು ವರ್ಷ ಬಿಡಿಭಾಗದಲ್ಲಿ ವಸೂಲಿ. 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಅನ್ನೋ ಬ್ರಿಟಿಷ್ ಕಂಪನಿ ತನ್ನ ವೈಪರ್ ಎಂಜಿನ್‌ಗೆ ಬೇರೆ ಥರ ದರ ಇಟ್ಟಿತು: ಹಾರಿದ ಗಂಟೆಗೆ ಇಷ್ಟು ಕೊಡಿ, ಕೆಟ್ರೆ ನಮ್ಮ ಖರ್ಚು. ಆ ಕಂಪನಿಯನ್ನ ಕೊಂಡ ರೋಲ್ಸ್ ರಾಯ್ಸ್ ಮುಂದೆ ಅದನ್ನ ದೊಡ್ಡ ಎಂಜಿನ್‌ಗಳಿಗೂ ತಂತು. ಎಂಜಿನ್ ಹಾರ್ತಿದ್ರೆ ಆದಾಯ, ವರ್ಕ್‌ಶಾಪಲ್ಲಿದ್ರೆ ಖರ್ಚು. ಈಗ ಎಂಜಿನ್ ಹೆಚ್ಚು ದಿನ ಬಾಳಿದ್ರೆ ಲಾಭ ಅದನ್ನ ಮಾಡಿದವನಿಗೇ. ಉಲ್ಟಾನೂ ಆಗುತ್ತೆ. 2020ರಲ್ಲಿ ಕೋವಿಡ್‌ಗೆ ವಿಮಾನಗಳು ನಿಂತಾಗ ಗಂಟೆ ಲೆಕ್ಕದ ದುಡ್ಡೂ ನಿಂತು ರೋಲ್ಸ್ ರಾಯ್ಸ್ ಭಾರೀ ನಷ್ಟಕ್ಕೆ ಬಿತ್ತು.

ಅಂದ ಹಾಗೆ, ಜಿಇ 2000ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಲ್ಲಿ ಒಂದು ದೊಡ್ಡ ತಂತ್ರಜ್ಞಾನ ಕೇಂದ್ರ ತೆರೆಯಿತು, ಜೆಟ್ ಎಂಜಿನ್‌ಗಳ ಮೇಲೆ ಅಲ್ಲೂ ಕೆಲಸ ನಡೆಯುತ್ತೆ. ಆ ಏರಿಯಾದ ಟ್ರಾಫಿಕ್ಕಲ್ಲಿ ನಿಮ್ಮ ಪಕ್ಕ ಸಿಕ್ಕಿಹಾಕ್ಕೊಂಡಿರೋ ಕ್ಯಾಬಲ್ಲಿ ಅಂಥೋರು ಒಬ್ಬರು ಇರ್ಬಹುದು.

ಇನ್ನು ಅಂಕಿ ಕೇಳೋರಿಗೆ. ಎರಡೇ ಎಂಜಿನ್ ಇರೋ ವಿಮಾನ ಸಮುದ್ರದ ಮೇಲೆ, ಹತ್ತಿರದ ನಿಲ್ದಾಣದಿಂದ ಮೂರು ಗಂಟೆ ದೂರದವರೆಗೆ ಹೋಗ್ಬೇಕಾದ್ರೆ ಆ ಮಾದರಿಯ ಎಂಜಿನ್ 50,000 ಗಂಟೆಗೆ ಒಂದು ಸಲಕ್ಕಿಂತ ಹೆಚ್ಚು ಗಾಳಿಯಲ್ಲಿ ನಿಲ್ಲಬಾರದು ಅನ್ನೋ ಅಳತೆ ಇದೆ. ನಿಂತ್ರೂ ಉಳಿದ ಒಂದರಲ್ಲೇ ಹಾರಿ ಇಳಿಯೋ ಹಾಗೆ ವಿಮಾನ ಕಟ್ಟಿರ್ತಾರೆ. ಪೈಲಟ್‌ಗಳು ಸಿಮ್ಯುಲೇಟರಲ್ಲಿ ಮತ್ತೆ ಮತ್ತೆ ಇದನ್ನೇ ಅಭ್ಯಾಸ ಮಾಡ್ತಾರೆ. ಎಷ್ಟೋ ಜನ ನಿಜವಾಗಿ ಒಂದು ಸಲವೂ ನೋಡದೆ ರಿಟೈರ್ ಆಗ್ತಾರೆ.

ಸರಿ, ವಾಯ್ಸ್ ನೋಟ್ ಕಳಿಸಿದ ಗೆಳೆಯರೇ, ಅಮ್ಮನಿಗೆ ವಿಮಾನದ ವಯಸ್ಸು ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಒಂದು ವಿಷಯ ಮಾತ್ರ ಮರೀದೆ ಮೊದಲೇ ಹೇಳಿ. ವಿಮಾನ ನೆಲ ಬಿಟ್ಟು ಸ್ವಲ್ಪ ಹೊತ್ತಿಗೆ, ಸಾವಿರ ಸಾವಿರದೈನೂರು ಅಡಿ ಏರಿದಾಗ, ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಇಳಿಯುತ್ತೆ. ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಎಂಜಿನ್ ನಿಂತೇ ಹೋಯ್ತೇನೋ ಅನ್ಸುತ್ತೆ. ನಿಂತಿರಲ್ಲ. ಟೇಕಾಫ್ ಶಕ್ತಿ ಸಾಕು ಅಂತ ಇಳಿಸಿ, ಮೇಲೇರೋಕೆ ಬೇಕಾದಷ್ಟಕ್ಕೆ ತಂದಿರ್ತಾರೆ, ಎಂಜಿನ್ ಸವೆಯೋದು ಕಮ್ಮಿ ಆಗ್ಲಿ ಅಂತ. ಆ ಹೊತ್ತಿಗೆ ಅಮ್ಮನ ಕೈ ಹಿಡ್ಕೊಂಡಿರಿ. ಹೋಗಿ ಬಂದ ಮೇಲೆ ಇನ್ನೊಂದು ವಾಯ್ಸ್ ನೋಟ್ ಕಳಿಸಿ, ಸಾಧ್ಯ ಆದ್ರೆ ಅಮ್ಮನ ದನಿಯಲ್ಲೇ.

ಮುಂದಿನ ವಾರ ಸಿಗೋಣ.